ಹಾಡುವವರ ಮುಖ, ಬರೆಯುವವರ ಮುಖ: ಫೋಟೋದಿಂದ ಪೋಸ್ಟರ್, ಮುಖಪುಟದವರೆಗೆ

ಸಂಗೀತ ಕಛೇರಿಯ ಪೋಸ್ಟರ್‌ಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ತುಂಬಾ ಕಡೆ ಗಾಯಕರ ಫೋಟೋವನ್ನು ಯಾವುದೋ ಸಮಾರಂಭದ ಚಿತ್ರದಿಂದ ಕತ್ತರಿಸಿ ತಂದಿರುತ್ತಾರೆ. ಕೂದಲಿನ ಅಂಚು ಹರಿದ ಹಾಗಿರುತ್ತದೆ. ಕೊರಳಲ್ಲಿ ಸನ್ಮಾನದ ಹಾರ ಇನ್ನೂ ಇರುತ್ತದೆ. ಜಾಗ ಸಾಲದೆ ಹೆಸರು ಭುಜದ ಮೇಲೆ ಬಂದಿರುತ್ತದೆ. ಪುಸ್ತಕಗಳ ಹಿಂಬದಿಯಲ್ಲೂ ಹೀಗೇ. ಎಂದೋ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೋ ಹಾಕಿ ಮುಗಿಸಿಬಿಡುತ್ತಾರೆ.

ಇದರಲ್ಲಿ ಡಿಸೈನ್ ಮಾಡುವವರ ತಪ್ಪು ಕಡಿಮೆ. ಫೋಟೋ ಒಬ್ಬರ ಕೆಲಸ, ಅಕ್ಷರ ಇನ್ನೊಬ್ಬರ ಕೆಲಸ ಅಂತ ಬೇರೆ ಬೇರೆ ಮಾಡಿದ್ದರಿಂದ ಹೀಗಾಗುತ್ತದೆ. ಹೆಸರು ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿದ್ದು ಫೋಟೋ ತೆಗೆದರೆ, ಅರ್ಧ ಪೋಸ್ಟರ್ ಕ್ಯಾಮೆರಾದಲ್ಲೇ ಆಗಿಬಿಡುತ್ತದೆ. ಹಾಗಾಗಿ ಇಲ್ಲಿ ಎರಡನ್ನೂ ಒಂದೇ ಕೆಲಸ ಅಂತ ಹಿಡಿದು ಹೇಳುತ್ತೇನೆ. ಉದಾಹರಣೆಗೆ ಎರಡನ್ನು ಇಟ್ಟುಕೊಳ್ಳೋಣ: ಕರ್ನಾಟಕ ಸಂಗೀತದ ಗಾಯಕಿಯೊಬ್ಬರ ಕಛೇರಿ ಪೋಸ್ಟರ್, ಕತೆಗಾರರೊಬ್ಬರ ಹೊಸ ಪುಸ್ತಕ. ದುಬಾರಿ ಸಲಕರಣೆ ಬೇಕಿಲ್ಲ. ಒಂದು ಸಾಧಾರಣ ಕ್ಯಾಮೆರಾ ಅಥವಾ ಒಳ್ಳೆಯ ಮೊಬೈಲ್, ಒಂದು ಕಿಟಕಿ, ಒಂದು ಬಿಳಿ ಥರ್ಮಾಕೋಲ್ ಹಾಳೆ ಸಾಕು.

1. ಕ್ಯಾಮೆರಾ ಮುಟ್ಟುವ ಮೊದಲು ಪೆನ್ಸಿಲ್ ಹಿಡಿಯಿರಿ

ಚಿತ್ರ ಎಲ್ಲೆಲ್ಲಿ ಬಳಕೆಯಾಗುತ್ತದೆ ಅಂತ ಮೊದಲು ಕೇಳಿ. ಗಾಯಕಿಗೆ ಸಾಮಾನ್ಯವಾಗಿ ಇಷ್ಟು ಬೇಕಾಗುತ್ತದೆ: ಎ3 (ಎ4 ಹಾಳೆಯ ಎರಡು ಪಟ್ಟು) ಪೋಸ್ಟರ್, ಆಹ್ವಾನ ಪತ್ರಿಕೆ, ಇನ್‌ಸ್ಟಾಗ್ರಾಂಗೆ 1080×1350 ಪಿಕ್ಸೆಲ್‌ನ ಉದ್ದ ಚಿತ್ರ, ವಾಟ್ಸ್ಯಾಪ್ ಸ್ಟೇಟಸ್‌ಗೆ 1080×1920, ಯೂಟ್ಯೂಬ್‌ಗೆ 1280×720ರ ಅಡ್ಡ ಚಿತ್ರ. ಹಾಡು ಬಿಡುಗಡೆ ಇದ್ದರೆ 3000×3000ರ ಚೌಕ. ಲೇಖಕರಿಗೆ ಹಿಂಬದಿಯ ಚಿಕ್ಕ ಚಿತ್ರ, ಪತ್ರಿಕೆಗಳಿಗೆ ಕಳಿಸಲು ಒಂದು ದೊಡ್ಡದು, ಬಿಡುಗಡೆ ಸಮಾರಂಭದ ಬ್ಯಾನರ್‌ಗೆ ಒಂದು ಅಡ್ಡ ಚಿತ್ರ.

ಉದ್ದ, ಅಡ್ಡ, ಚೌಕ ಮೂರೂ ಒಂದೇ ಫೋಟೋದಿಂದ ಬರುವುದಿಲ್ಲ. ಹಾಗಾಗಿ ಹಾಳೆಯ ಮೇಲೆ ಪುಟ್ಟ ಪುಟ್ಟ ಚೌಕಟ್ಟು ಬರೆದುಕೊಳ್ಳಿ. ಮುಖಕ್ಕೆ ಒಂದು ಗೋಲ, ಹೆಸರಿಗೆ ದಪ್ಪ ಗೆರೆ, ವಿವರಗಳಿಗೆ ತೆಳು ಗೆರೆ. ಪೋಸ್ಟರ್‌ನಲ್ಲಿ ಮುಖ ಬಲಕ್ಕೆ, ಹೆಸರು ಎಡಕ್ಕೆ ಅಂತ ತೀರ್ಮಾನಿಸಿದರೆ, ಫೋಟೋದ ಎಡಭಾಗ ಖಾಲಿ ಇರಬೇಕು. ಅಲ್ಲಿ ಕಿಟಕಿಯ ಸರಳಾಗಲಿ, ಗೋಡೆಯ ಕ್ಯಾಲೆಂಡರ್ ಆಗಲಿ ಇರಬಾರದು. ತಲೆಯ ಮೇಲೂ ಜಾಸ್ತಿ ಜಾಗ ಬಿಡಬೇಕು. ಕ್ಯಾಮೆರಾದ ಪರದೆಯಲ್ಲಿ ನೋಡುವಾಗ ಆ ಖಾಲಿ ಜಾಗ ದಂಡ ಅನಿಸುತ್ತದೆ, ಹತ್ತಿರ ಹೋಗಿ ತುಂಬಿಸಿಬಿಡೋಣ ಅನಿಸುತ್ತದೆ. ಹೋಗಬೇಡಿ. ತುಂಬಿದ ಫೋಟೋದಲ್ಲಿ ಜಾಗ ಮಾಡುವುದು ಕಷ್ಟ, ಖಾಲಿ ಜಾಗವನ್ನು ಆಮೇಲೆ ಕತ್ತರಿಸುವುದು ಸುಲಭ.

ಇಬ್ಬರು ಕೂಡಿ ಮಾಡಿದ ಕೆಲಸ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ನ್ಯೂಯಾರ್ಕಿನ ಬ್ಲೂ ನೋಟ್ ಕಂಪನಿಯ 1950, 60ರ ದಶಕದ ಜಾಝ್ ರೆಕಾರ್ಡ್ ಹೊದಿಕೆಗಳನ್ನು ಹುಡುಕಿ ನೋಡಿ. ಧ್ವನಿಮುದ್ರಣ ನಡೆಯುವಾಗಲೇ ಫ್ರಾನ್ಸಿಸ್ ವುಲ್ಫ್ ಫೋಟೋ ತೆಗೆಯುತ್ತಿದ್ದರು. ರೀಡ್ ಮೈಲ್ಸ್ ಅವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ, ಒಂದೇ ಬಣ್ಣ ಬಳಿದು, ಅಕ್ಷರಕ್ಕೆ ಧಾರಾಳ ಜಾಗ ಕೊಡುತ್ತಿದ್ದರು. ನಮ್ಮಲ್ಲೂ ಕಣ್ಣಿಗೆ ಪಾಠವಾಗುವ ಕೆಲಸ ಸಾಕಷ್ಟಿದೆ. ಕನ್ನಡ ಲೇಖಕರ ಭಾವಚಿತ್ರಗಳಿಗೆ ಎ.ಎನ್. ಮುಕುಂದ, ಪತ್ರಿಕೆ ಮತ್ತು ಪುಸ್ತಕಗಳ ರೇಖೆಗಳಿಗೆ ಚಂದ್ರನಾಥ ಆಚಾರ್ಯ, ಇತ್ತೀಚಿನ ಮುಖಪುಟಗಳಿಗೆ ‘ಅಪಾರ’ ಎಂಬ ಹೆಸರಿನ ಕಲಾವಿದರ ಕೆಲಸ ನೋಡಿ. ಚೆನ್ನಾಗಿದೆ ಅಂತ ಸುಮ್ನೆ ಮುಂದೆ ಹೋಗಬೇಡಿ. ಮುಖ ಎಷ್ಟು ಜಾಗ ತಗೊಂಡಿದೆ, ಹೆಸರು ಎಲ್ಲಿ ಕೂತಿದೆ, ಏನನ್ನು ಬಿಟ್ಟಿದ್ದಾರೆ ಅಂತ ಬರೆದುಕೊಳ್ಳಿ.

2. ಮುಂಚಿನ ದಿನದ ಮಾತು

ಫೋನ್ ಮಾಡಿ ಬಟ್ಟೆಯ ವಿಷಯ ಮಾತಾಡಿ. ಅಗಲ ಜರಿ ಅಂಚಿನ ರೇಷ್ಮೆ ಸೀರೆ ಕಿಟಕಿಯ ಬೆಳಕಿಗೆ ಕನ್ನಡಿಯಂತೆ ಹೊಳೆದು ಕಣ್ಣನ್ನು ಮುಖದಿಂದ ಆಚೆ ಎಳೆಯುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಳಿ, ಜುಬ್ಬಾದ ಸಣ್ಣ ಗೆರೆಗಳು ಮೊಬೈಲ್ ಪರದೆಯಲ್ಲಿ ಅಲೆ ಅಲೆಯಾಗಿ ಕಾಣಬಹುದು. ಹಾಗಂತ ಅವನ್ನು ಬಿಡಿ ಅನ್ನಬೇಡಿ. ಎರಡು ಜೊತೆ ಬಟ್ಟೆ ತನ್ನಿ, ಒಂದು ಒಂದೇ ಬಣ್ಣದ್ದಿರಲಿ ಅಂತ ಕೇಳಿ. ಮೂಗುತಿ, ಕುಂಕುಮ, ವಿಭೂತಿ, ಕನ್ನಡಕ ಅವರು ದಿನಾ ಹೇಗೆ ಇಟ್ಟುಕೊಳ್ಳುತ್ತಾರೋ ಹಾಗೇ ಇರಲಿ. ಅದು ಅವರ ಮುಖ, ನಿಮ್ಮ ಅಲಂಕಾರಕ್ಕೆ ಒದಗಿದ ಜಾಗವಲ್ಲ.

ಇನ್ನೊಂದು ಮುಖ್ಯ ಮಾತು. ಗಾಯಕಿಯ ಇತ್ತೀಚಿನ ಧ್ವನಿಮುದ್ರಣ ಕೇಳಿಕೊಂಡು ಹೋಗಿ. ಕತೆಗಾರರ ಒಂದು ಕತೆಯನ್ನಾದರೂ ಓದಿಕೊಂಡು ಹೋಗಿ. ‘ಮೇಡಂ, ನೀವು ಹಾಡಿದ ಆ ಖರಹರಪ್ರಿಯ ರಾಗ ಕೇಳಿದೆ’ ಅಂದಕೂಡಲೇ ಅವರ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಈ ತಯಾರಿಗೆ ಹಣ ಖರ್ಚಿಲ್ಲ. ಆದರೆ ಯಾವ ಲೆನ್ಸೂ ಕೊಡದ ಫಲ ಇದು ಕೊಡುತ್ತದೆ.

3. ಬೆಳಕು ಹುಡುಕುವುದು

ಮನೆಯಲ್ಲೇ ತೆಗೆಯಿರಿ. ಸ್ಟುಡಿಯೋಗಿಂತ ಅವರು ದಿನಾ ಸಾಧನೆ ಮಾಡುವ ಕೋಣೆ, ದಿನಾ ಬರೆಯುವ ಮೇಜು ಒಳ್ಳೆಯದು. ಮೊದಲು ಎಲ್ಲ ಟ್ಯೂಬ್‌ಲೈಟ್, ಬಲ್ಬು ಆರಿಸಿ. ಕಿಟಕಿಯ ಬೆಳಕು ಒಂದು ಬಣ್ಣ, ಟ್ಯೂಬ್‌ಲೈಟಿನದು ಇನ್ನೊಂದು ಬಣ್ಣ. ಎರಡೂ ಸೇರಿದರೆ ಮುಖದ ಒಂದು ಕೆನ್ನೆ ಒಂದು ಬಣ್ಣ, ಇನ್ನೊಂದು ಬೇರೆ ಬಣ್ಣ ಆಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಸರಿಮಾಡುವುದು ಬಹಳ ತಲೆನೋವಿನ ಕೆಲಸ.

ಉತ್ತರದ ಕಿಟಕಿ ಒಳ್ಳೆಯದು, ಅಲ್ಲಿ ಬಿಸಿಲೇ ಬರುವುದಿಲ್ಲ ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ಯುರೋಪಿನ ಮಾತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ, ಸಂಜೆಯೂ ಉತ್ತರದ ಕಿಟಕಿಗೆ ಓರೆ ಬಿಸಿಲು ಬರುತ್ತದೆ. ಹಾಗಾಗಿ ದಿಕ್ಕು ಲೆಕ್ಕ ಹಾಕುವುದಕ್ಕಿಂತ, ಹಿಂದಿನ ದಿನ ಅದೇ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಮನೆಯವರನ್ನು ಕೇಳುವುದು ಉತ್ತಮ. ನೇರ ಬಿಸಿಲು ಬಿದ್ದರೆ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ. ಬೆಳಕು ಹರಡಿ ಮೆತ್ತಗಾಗುತ್ತದೆ.

ಅವರನ್ನು ಕಿಟಕಿಯಿಂದ ಮೂರು ಅಡಿ ದೂರ ಕೂರಿಸಿ. ಬೆಳಕು ಮುಖದ ಒಂದು ಕಡೆಯಿಂದ, ಸ್ವಲ್ಪ ಮುಂದಿನಿಂದ ಬರಲಿ. ಇನ್ನೊಂದು ಕಡೆ ಥರ್ಮಾಕೋಲ್ ಹಾಳೆ ಹಿಡಿದರೆ ನೆರಳು ಎಷ್ಟು ಬೇಕೋ ಅಷ್ಟು ತಿಳಿಯಾಗುತ್ತದೆ. ಹತ್ತಿರ ತಂದರೆ ಜಾಸ್ತಿ, ದೂರ ಒಯ್ದರೆ ಕಡಿಮೆ. ವಯಸ್ಸಾದ ವಿದ್ವಾಂಸರ ಮುಖದ ಗೆರೆಗಳು ಕಾಣಬೇಕೆಂದರೆ ಹಾಳೆಯನ್ನೇ ತೆಗೆದುಬಿಡಿ. ಇನ್ನೂ ಗಾಢ ನೆರಳು ಬೇಕಿದ್ದರೆ ಆ ಕಡೆ ಕಪ್ಪು ಕಂಬಳಿ ಹಾಕಿ.

ಮಲೆನಾಡಿನ ಅಥವಾ ಹಳೆ ಮೈಸೂರಿನ ತೊಟ್ಟಿ ಮನೆ ಸಿಕ್ಕಿದರೆ ನಿಮ್ಮ ಅದೃಷ್ಟ. ತೊಟ್ಟಿಯ ಅಂಚಿನಲ್ಲಿ ಕಂಬಕ್ಕೆ ಒರಗಿ ಕೂತವರ ಮೇಲೆ ಆಕಾಶದ ಬೆಳಕು ತುಂಬಾ ಚೆನ್ನಾಗಿ ಬೀಳುತ್ತದೆ. ಆದರೆ ಅದು ಮೇಲಿನಿಂದ ಬರುವ ಬೆಳಕು. ಕಣ್ಣಿನ ಗುಳಿ ಕಪ್ಪಾಗುತ್ತದೆ. ಅವರ ಕಾಲ ಬಳಿ ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಗಲ್ಲವನ್ನು ಒಂದಿಷ್ಟು ಮೇಲೆತ್ತಲು ಹೇಳಿ. ಹೆಂಚಿನ ಮನೆಯ ಬೆಳಕಿಂಡಿಯಿಂದ ಬೀಳುವ ಒಂದೇ ಕೋಲು ಬಿಸಿಲು ನೋಡಲು ಚೆಂದ, ಮುಖಕ್ಕೆ ಮಾತ್ರ ಕಷ್ಟ. ಅದನ್ನು ಹಿನ್ನೆಲೆಯ ಗೋಡೆಗೆ ಬಿಡಿ.

ಕನ್ನಡಕ ಹೊಳೆಯುತ್ತಿದೆಯಾ? ತೆಗೆಸಬೇಡಿ. ದಿನಾ ಕನ್ನಡಕ ಹಾಕುವವರು ತೆಗೆದರೆ ಅವರಿಗೇ ಅವರು ಅಪರಿಚಿತರಾಗಿ ಕಾಣುತ್ತಾರೆ. ಕಿವಿಯ ಮೇಲಿನ ಕಡ್ಡಿಯನ್ನು ಒಂದು ಚೂರು ಮೇಲಕ್ಕೆತ್ತಿದರೆ ಗಾಜು ಕೆಳಕ್ಕೆ ಬಾಗುತ್ತದೆ, ಹೊಳಪು ಹೋಗುತ್ತದೆ. ಹೋಗದಿದ್ದರೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿ.

4. ಕ್ಯಾಮೆರಾದ ಸೆಟ್ಟಿಂಗ್

ಮುಖದಿಂದ ಐದಾರು ಅಡಿ ದೂರ ನಿಲ್ಲಿ. ಹತ್ತಿರ ಹೋದಷ್ಟೂ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಮುಖ ವಿಕಾರವಾಗುವುದು ಲೆನ್ಸಿನಿಂದ ಅಂತ ಜನ ಅಂದುಕೊಳ್ಳುತ್ತಾರೆ, ನಿಜವಾಗಿ ಅದು ದೂರದಿಂದ. ಆ ದೂರದಲ್ಲಿ ಮುಖ ಸರಿಯಾಗಿ ತುಂಬಲು ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾಕ್ಕೆ 85 ಮಿ.ಮೀ. ಲೆನ್ಸ್, ಚಿಕ್ಕ ಸೆನ್ಸರ್ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಸರಿ. ಹಲವು ಕಂಪನಿಗಳ 50 ಮಿ.ಮೀ. ಎಫ್ 1.8 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಲೆನ್ಸ್ ಅಗ್ಗ, ಕೆಲಸವೂ ಚೆನ್ನಾಗಿ ಮಾಡುತ್ತದೆ. ಮೊಬೈಲ್ ಆದರೆ 2 ಅಥವಾ 3 ಪಟ್ಟು ಜೂಮ್ ಇರುವ ಬೇರೆ ಲೆನ್ಸ್ ಬಳಸಿ. ಅದರ ಮುಖ್ಯ ಲೆನ್ಸ್ ತುಂಬಾ ಅಗಲ.

ಹಿನ್ನೆಲೆ ಮಸುಕಾಗಲಿ ಅಂತ ಎಲ್ಲರೂ ಎಫ್ 1.8 ಇಡುತ್ತಾರೆ. ಒಂದು ಕಣ್ಣು ಚೂಪಾಗಿ, ಇನ್ನೊಂದು ಮಸುಕಾಗಿ, ವೀಣೆ ಹಿಡಿದ ಕೈ ಮೋಡದಂತಾಗಿರುತ್ತದೆ. ಸಂಗೀತಗಾರರಿಗೆ ಕೈಯೂ ಮುಖವೇ. ಎಫ್ 4 ಅಥವಾ 5.6 ಇಡಿ. ಹಿನ್ನೆಲೆ ಮಸುಕಾಗಬೇಕೆಂದರೆ ಅವರನ್ನು ಗೋಡೆಯಿಂದ ಆರು ಅಡಿ ಮುಂದಕ್ಕೆ ಕೂರಿಸಿ. ಮೊಬೈಲಿನ ಪೋರ್ಟ್ರೇಟ್ ಮೋಡ್ ತಂಬೂರಿಯ ತಂತಿ, ಮಲ್ಲಿಗೆ ಮಾಲೆ, ಬಿಡಿಕೂದಲನ್ನು ಬಹಳ ಸಲ ತಪ್ಪಾಗಿ ಮಸುಕು ಮಾಡುತ್ತದೆ. ಅದನ್ನು ಆಫ್ ಮಾಡಿಡಿ.

ಸುಮ್ಮನೆ ಕೂತವರಿಗೆ ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/125 ಸೆಕೆಂಡ್ ಸಾಕು. ನುಡಿಸುವ ಕೈಗೆ 1/250 ಅಥವಾ ಇನ್ನೂ ಜೋರು. ಬೆಳಕು ಸಾಲದಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) 1600ರವರೆಗೆ ಏರಿಸಲು ಹೆದರಬೇಡಿ. ಚೂಪಾದ ಫೋಟೋದಲ್ಲಿ ಒಂದಿಷ್ಟು ಕಾಳು ಕಾಳು ಚುಕ್ಕೆ ಕಂಡರೆ ತೊಂದರೆಯಿಲ್ಲ, ಅಲುಗಿದ ಫೋಟೋ ಮಾತ್ರ ಯಾವುದಕ್ಕೂ ಬರುವುದಿಲ್ಲ. ರಾ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ) ಫೈಲ್‌ನಲ್ಲೇ ತೆಗೆಯಿರಿ.

ಬಿಳಿ ಪಂಚೆ, ಬಿಳಿ ಜುಬ್ಬಾ ಹಾಕಿದವರನ್ನು ಕ್ಯಾಮೆರಾದ ಲೆಕ್ಕಕ್ಕೆ ಬಿಟ್ಟರೆ ಮುಖ ಕಪ್ಪಾಗುತ್ತದೆ. ಬಿಳಿಯನ್ನು ನೋಡಿ ಬೆಳಕು ಜಾಸ್ತಿ ಇದೆ ಅಂತ ಅದು ತಿಳಿಯುತ್ತದೆ. ಎಕ್ಸ್‌ಪೋಷರ್ ಅನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಏರಿಸಿ. ಹಿಂದೆ ಕಪ್ಪು ಪರದೆ ಇದ್ದರೆ ಇದರ ಉಲ್ಟಾ, ಇಳಿಸಬೇಕು. ಎರಡರಲ್ಲೂ ನೋಡಬೇಕಾದ್ದು ಮುಖದ ಚರ್ಮ. ನಮ್ಮ ಕಂದು, ಗೋಧಿ, ಎಣ್ಣೆಗಪ್ಪು ಬಣ್ಣಗಳು ಇದ್ದ ಹಾಗೇ ಬರಬೇಕು. ಬೆಳ್ಳಗೆ ಮಾಡಿಕೊಡಿ ಅಂತ ಯಾರಾದರೂ ಕೇಳಿದರೆ ಪ್ರೀತಿಯಿಂದಲೇ ಬೇಡ ಅನ್ನಿ.

5. ಹಾಡುವವರನ್ನು ತೆಗೆಯುವಾಗ

‘ನಗಿ ಮೇಡಂ’ ಅನ್ನಬೇಡಿ. ಶ್ರುತಿಪೆಟ್ಟಿಗೆ ಹಾಕಿ, ಹಾಡಲು ಹೇಳಿ. ಮೊದಲ ಐದು ನಿಮಿಷ ಕ್ಯಾಮೆರಾ ಎತ್ತದಿದ್ದರೂ ನಡೆಯುತ್ತದೆ. ಆಲಾಪನೆ ಶುರುವಾದ ಮೇಲೆ ಅವರಿಗೆ ನೀವು ಇರುವುದು ಮರೆತುಹೋಗುತ್ತದೆ.

ಯಾವಾಗ ಒತ್ತಬೇಕು? ತಾರ ಸ್ಥಾಯಿಯಲ್ಲಿ (ಎತ್ತರದ ಸ್ವರಗಳಲ್ಲಿ) ಬಾಯಿ ಪೂರ್ತಿ ತೆರೆದಾಗ ನೋವಿನಂತೆ ಕಾಣುತ್ತದೆ. ಕೇಳುವಾಗ ಅದು ಆನಂದ, ನಿಂತ ಚಿತ್ರದಲ್ಲಿ ಹಾಗೆ ಕಾಣುವುದಿಲ್ಲ. ಒಂದು ಸಂಗತಿ (ಹಾಡಿನ ಸಾಲನ್ನು ಬೇರೆ ಥರ ಹಾಡುವುದು) ಮುಗಿದು ಉಸಿರು ತಗೊಳ್ಳುವ ಮುಂಚಿನ ಕ್ಷಣಕ್ಕೆ ಕಾಯಿರಿ. ಬಾಯಿ ಮೆಲ್ಲಗೆ ಮುಚ್ಚುತ್ತಿರುತ್ತದೆ, ಕಣ್ಣು ಇನ್ನೂ ರಾಗದಲ್ಲೇ ಇರುತ್ತದೆ, ಕೈ ಗಾಳಿಯಲ್ಲಿ ನಿಂತಿರುತ್ತದೆ. ಪೋಸ್ಟರ್‌ಗೆ ಬೇಕಾದ ಚಿತ್ರ ಬಹಳ ಸಲ ಅಲ್ಲೇ ಇರುತ್ತದೆ. ತಾಳ ಹಾಕುವ ಕೈಯನ್ನು ಚೌಕಟ್ಟಿನ ಅಂಚಿನಲ್ಲಿ ಅರ್ಧ ಕತ್ತರಿಸಬೇಡಿ. ಪೂರ್ತಿ ತಗೊಳ್ಳಿ ಅಥವಾ ಪೂರ್ತಿ ಬಿಡಿ.

ವಾದ್ಯಗಾರರಾದರೆ ಆ ವಾದ್ಯ ಹಿಡಿಯುವ ಕ್ರಮ ನಿಮಗೆ ಗೊತ್ತಿರಬೇಕು. ವೀಣೆಯಲ್ಲಿ ಕೊಡ ಬಲಗಡೆ, ಇನ್ನೊಂದು ಬುರುಡೆ ಎಡ ತೊಡೆಯ ಮೇಲೆ. ನಾಲ್ಕು ಅಡಿ ಉದ್ದದ ವೀಣೆ ಉದ್ದ ಚೌಕಟ್ಟಿಗೆ ಬಗ್ಗುವುದಿಲ್ಲ. ನೀವು ಸ್ವಲ್ಪ ಓರೆಗೆ ಸರಿದರೆ ದಂಡಿ ಕರ್ಣದ ಗೆರೆಯಂತೆ ಬಂದು ಮುಖಕ್ಕೆ ದಾರಿ ತೋರಿಸುತ್ತದೆ. ಕರ್ನಾಟಕ ಸಂಗೀತದ ಪಿಟೀಲುಗಾರರು ಕೂತು, ಪಿಟೀಲಿನ ತುದಿಯನ್ನು ಬಲ ಪಾದಕ್ಕೆ ಆನಿಸಿ ನುಡಿಸುತ್ತಾರೆ. ಪಾದವೂ ಚಿತ್ರದಲ್ಲಿ ಬರುತ್ತದೆ ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಿ. ಮೃದಂಗದ ಬಲ ಮುಚ್ಚಿಗೆಯ ಕಪ್ಪು ಕರಣೆ (ನಡುವಿನ ದುಂಡು ಲೇಪ) ಕಂಡರೆ ಚಿತ್ರಕ್ಕೆ ತೂಕ ಬರುತ್ತದೆ.

ಇದಕ್ಕೆ ಸೇರಿದ್ದೇ ಒಂದು ಕಟ್ಟುನಿಟ್ಟಿನ ಮಾತು: ಡಿಸೈನಿಗೆ ಹೊಂದಲಿ ಅಂತ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಡಿ. ತಿರುಗಿಸಿದರೆ ವೈಣಿಕರು ಎಡಗೈಯಲ್ಲಿ ಮೀಟುತ್ತಾರೆ, ಮೃದಂಗ ಉಲ್ಟಾ ಆಗುತ್ತದೆ, ಸೀರೆಯ ಸೆರಗು ಬಲ ಭುಜಕ್ಕೆ ಬರುತ್ತದೆ, ಮೂಗುತಿ ಇನ್ನೊಂದು ಹೊಳ್ಳೆಗೆ ಹೋಗುತ್ತದೆ. ಡಿಸೈನರಿಗೆ ಇದು ಕಾಣದಿರಬಹುದು. ಸಭಾಂಗಣದಲ್ಲಿ ಕೂರುವ ಪ್ರತಿಯೊಬ್ಬ ರಸಿಕರಿಗೂ ಕಾಣುತ್ತದೆ. ಇದನ್ನು ತಪ್ಪಿಸಲು ಒಂದೇ ದಾರಿ, ಖಾಲಿ ಜಾಗ ಎಡಕ್ಕೊಂದು, ಬಲಕ್ಕೊಂದು ಇರುವಂತೆ ಎರಡು ಚಿತ್ರ ತೆಗೆದಿಡುವುದು.

ಕಛೇರಿ ನಡೆಯುವಾಗಲೇ ತೆಗೆಯಬೇಕಾಗಿ ಬಂದರೆ ಫ್ಲಾಶ್ ಬೇಡವೇ ಬೇಡ. ಸಾಮಾನ್ಯವಾಗಿ ಮೃದಂಗದವರು ಗಾಯಕರ ಬಲಕ್ಕೆ, ಪಿಟೀಲಿನವರು ಎಡಕ್ಕೆ ಇರುತ್ತಾರೆ. ಮೈಕು ಬಾಯಿಗೆ ಅಡ್ಡ ಬಾರದ ಒಂದು ಕೋನ ಹುಡುಕಿ ಅಲ್ಲೇ ನೆಲದ ಮೇಲೆ ಕೂತುಬಿಡಿ. ಓಡಾಡಬೇಡಿ. ಸದ್ದು ಮಾಡದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಎಲ್‌ಇಡಿ ದೀಪಗಳಡಿ ಚಿತ್ರದಲ್ಲಿ ಅಡ್ಡಪಟ್ಟಿ ಬರಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಅಥವಾ 1/50 ಇಟ್ಟರೆ ಪಟ್ಟಿ ಬಹುಮಟ್ಟಿಗೆ ಹೋಗುತ್ತದೆ. ವೇದಿಕೆಯ ನೇರಳೆ, ನೀಲಿ ದೀಪ ಮುಖದ ಬಣ್ಣ ಕೆಡಿಸಿದ್ದರೆ ಆ ಚಿತ್ರವನ್ನು ಕಪ್ಪುಬಿಳುಪು ಮಾಡಿ. ಬೇರೆ ಉಪಾಯ ಹುಡುಕಿ ಹೊತ್ತು ಕಳೆಯಬೇಡಿ.

6. ಬರೆಯುವವರನ್ನು ತೆಗೆಯುವಾಗ

ಲೇಖಕರ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕೇ ಎಲ್ಲರೂ ಪುಸ್ತಕದ ಕಪಾಟಿನ ಮುಂದೆ, ಗಲ್ಲಕ್ಕೆ ಕೈಕೊಟ್ಟು ಕೂರುತ್ತಾರೆ. ಕಪಾಟು ಬಿಡಿ. ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನೇ ಓದುತ್ತಾ ನೋಡುವವರ ಕಣ್ಣು ಅಲೆಯುತ್ತದೆ.

ಅವರ ಕತೆಯ ಒಂದು ಪುಟವನ್ನು ಗಟ್ಟಿಯಾಗಿ ಓದಲು ಕೇಳಿ. ಓದಿ ತಲೆ ಎತ್ತಿ ನಿಮ್ಮನ್ನು ನೋಡುತ್ತಾರಲ್ಲ, ಆಗ ತೆಗೆಯಿರಿ. ಇಲ್ಲವಾದರೆ ಕತೆಯ ಊರಿನ ಬಗ್ಗೆ ಕೇಳಿ. ಊರಿನ ಮಾತು ಬಂದರೆ ಯಾವ ಕತೆಗಾರರೂ ಕ್ಯಾಮೆರಾಕ್ಕೆ ಬಿಗಿದುಕೊಂಡು ಕೂರುವುದಿಲ್ಲ. ಸಾಧ್ಯವಿದ್ದರೆ ಮನೆಯಿಂದ ಹೊರಗೆ ಬನ್ನಿ. ಕತೆಗಳಲ್ಲಿ ಬರುವ ಗದ್ದೆಯ ಬದು, ಬಸ್‌ಸ್ಟ್ಯಾಂಡ್, ಸಂತೆ ಮಾಳ ಹತ್ತಿರದಲ್ಲೇ ಇದ್ದರೆ ಅಲ್ಲಿಗೇ ಹೋಗಿ, ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ. ಹಿಂಬದಿಯ ಚಿತ್ರ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಅಷ್ಟೇ. ಅದಕ್ಕೆ ಮುಖ ತುಂಬಿದ, ಹಿನ್ನೆಲೆ ಸರಳವಾದ ಒಂದು ಚಿತ್ರ ಬೇರೆಯೇ ತೆಗೆಯಬೇಕು.

ಮೈಸೂರು ಪೇಟ, ಶಾಲು ಹೊದ್ದ ಚಿತ್ರಗಳನ್ನು ಪುಸ್ತಕಕ್ಕೆ ಬಳಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವು ಸನ್ಮಾನದ ದಾಖಲೆಗಳು. ಓದುಗರಿಗೆ ಬೇಕಾದ್ದು ಬರೆದವರು.

7. ಆರಿಸುವುದು, ತಿದ್ದುವುದು

ತೆಗೆದ ದಿನವೇ ಆರಿಸಬೇಡಿ, ಮರುದಿನ ನೋಡಿ. ಮೊದಲು ಚಿತ್ರಗಳನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿಸಿ ಸಾಲಾಗಿ ಇಡಿ. ಆ ಅಳತೆಯಲ್ಲೂ ಯಾರದು ಅಂತ ಗುರುತು ಸಿಗುವ ಚಿತ್ರಗಳು ಮಾತ್ರ ಉಳಿಯಲಿ. ಜನ ಪೋಸ್ಟರ್ ನೋಡುವುದು ಹೆಚ್ಚಾಗಿ ವಾಟ್ಸ್ಯಾಪಿನಲ್ಲೇ.

ತಿದ್ದುವಾಗ ಬಣ್ಣ, ಬೆಳಕು, ನೆರಳು ಇಷ್ಟೇ ಸಾಕು. ಮೊಡವೆ, ಸಣ್ಣ ಗೀರಿನಂತಹ, ನಾಳೆ ಹೋಗುವ ಗುರುತನ್ನು ತೆಗೆಯಬಹುದು. ಮಚ್ಚೆ, ಸುಕ್ಕು, ನರೆಗೂದಲು ಅವರವು, ಮುಟ್ಟಬೇಡಿ. ಚರ್ಮವನ್ನು ನುಣುಪು ಮಾಡುವ ಆ್ಯಪ್‌ಗಳು ಎಪ್ಪತ್ತರ ವಿದ್ವಾಂಸರನ್ನು ಮೇಣದ ಗೊಂಬೆ ಮಾಡಿಬಿಡುತ್ತವೆ. ಕುಂಕುಮದ ಕೆಂಪು ಕಿತ್ತಳೆಗೆ ತಿರುಗಿದೆಯಾ ಅಂತ ಒಮ್ಮೆ ನೋಡಿ. ಹಳದಿ ಕಡಿಮೆ ಮಾಡಿದರೆ ಸರಿಹೋಗುತ್ತದೆ.

8. ಕನ್ನಡ ಅಕ್ಷರ

ಡಿಸೈನಿನಲ್ಲಿ ಹೆಚ್ಚು ಕೆಡುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನ ಮೇಲೆ ಕೂರುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ, ಅರ್ಕಾವತ್ತು. ‘ವಿದ್ವಾನ್’ ಅನ್ನುವ ಒಂದೇ ಪದದಲ್ಲಿ ಮೇಲೆಯೂ ಕೆಳಗೆಯೂ ಜಾಗ ಬೇಕು. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿನ ಹತ್ತಿರ ಇಟ್ಟು ಶುರುಮಾಡಿ. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹೆಸರು ಎರಡು ಸಾಲಿನಲ್ಲಿ ಬಂದರೆ, ಮೇಲಿನ ಸಾಲಿನಲ್ಲಿ ಒತ್ತು ಎಲ್ಲಿದೆ ನೋಡಿ, ಆ ಜಾಗದ ಕೆಳಗೆ ಗುಡಿಸು ಬಾರದಂತೆ ಸಾಲನ್ನು ಸ್ವಲ್ಪ ಅತ್ತಿತ್ತ ಸರಿಸಿ.

ಫಾಂಟ್‌ಗಳ ಕೊರತೆ ಇದೆ ಅಂತ ಹಿಂದೆ ಹೇಳಬಹುದಿತ್ತು, ಈಗ ಹೇಳುವಂತಿಲ್ಲ. ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಮುದ್ರಣಕ್ಕೂ ಬಳಸಬಹುದು. ನನ್ನ ರುಚಿಗೆ ಶಾಸ್ತ್ರೀಯ ಕಛೇರಿಯ ಹೆಸರಿಗೆ ತಿರೋ ಅಥವಾ ನೋಟೊ ಸೆರಿಫ್, ಸಣ್ಣ ವಿವರಗಳಿಗೆ ಅನೇಕ್ ಒಪ್ಪುತ್ತದೆ. ಅನೇಕ್‌ನಲ್ಲಿ ಕಿರಿದರಿಂದ ಅಗಲದವರೆಗೆ ರೂಪಗಳಿವೆ. ಉದ್ದ ಹೆಸರುಗಳಿಗೆ ಅದು ವರ. ಬಾಲೂ ತಮ್ಮ ದುಂಡಗೆ, ತಮಾಷೆಯಾಗಿದೆ. ಮಕ್ಕಳ ಪುಸ್ತಕಕ್ಕೆ ಚೆಂದ, ಆಲಾಪನೆಗೆ ಹೊಂದುವುದಿಲ್ಲ. ಒಂದು ಪೋಸ್ಟರ್‌ಗೆ ಎರಡು ಫಾಂಟ್ ಸಾಕು. ಅಕ್ಷರವನ್ನು ಅಡ್ಡಡ್ಡ ಎಳೆದು ಅಗಲ ಮಾಡಬೇಡಿ. ಅಡ್ಡ ಗೆರೆ ಒಂದು ದಪ್ಪ, ಉದ್ದ ಗೆರೆ ಇನ್ನೊಂದು ದಪ್ಪ ಆಗಿ ಅಕ್ಷರ ಊದಿಕೊಳ್ಳುತ್ತದೆ.

ಕೈಬರಹ ಬಲ್ಲವರು ಸಿಕ್ಕಿದರೆ ಶೀರ್ಷಿಕೆಯನ್ನು ಅವರಿಂದಲೇ ಬರೆಸಿ. ಕಂಪ್ಯೂಟರ್ ಬರುವ ಮೊದಲು ಕನ್ನಡ ಪುಸ್ತಕಗಳ ಹೆಸರನ್ನು ಕಲಾವಿದರು ಕುಂಚದಲ್ಲೇ ಬರೆಯುತ್ತಿದ್ದರು. ಪ್ರತಿ ಪುಸ್ತಕದ ಅಕ್ಷರಕ್ಕೂ ಅದರದೇ ನಡಿಗೆ ಇರುತ್ತಿತ್ತು.

ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲಿ ನಡೆಯುವ ಅಕ್ಷರ ಸಂಕೇತ) ಕನ್ನಡ ಅಂಟಿಸಿದರೆ ಒತ್ತುಗಳು ಒಡೆದು ಬೇರೆ ಬೇರೆ ನಿಲ್ಲುತ್ತವೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಅಥವಾ ವರ್ಲ್ಡ್ ರೆಡಿ ಆಯ್ಕೆ ಒತ್ತಿ, ಹೊಸ ಫೈಲ್ ತೆರೆದರೆ ಸರಿಯಾಗುತ್ತದೆ. ಹಣ ಕೊಟ್ಟು ಸಾಫ್ಟ್‌ವೇರ್ ತಗೊಳ್ಳಲು ಆಗದವರಿಗೆ ಇಂಕ್‌ಸ್ಕೇಪ್ ಇದೆ, ಕನ್ನಡ ಚೆನ್ನಾಗಿ ಮೂಡುತ್ತದೆ. ಹಲವು ಪ್ರೆಸ್‌ಗಳಲ್ಲಿ ಇನ್ನೂ ‘ನುಡಿ’ ತಂತ್ರಾಂಶದ ಹಳೆ ಫಾಂಟ್‌ಗಳಲ್ಲೇ ಕೆಲಸ ನಡೆಯುತ್ತದೆ. ನಿಮ್ಮ ಯೂನಿಕೋಡ್ ಪಠ್ಯವನ್ನು ಅವರು ಬದಲಾಯಿಸಿಕೊಂಡರೆ ಪೂರ್ತಿ ಮತ್ತೆ ಓದಿ. ಅರ್ಕಾವತ್ತು ಮತ್ತು ‘ಪೋಸ್ಟರ್‌ನಲ್ಲಿ’ ತರಹ ನಡುವೆ ಅರ್ಧಾಕ್ಷರ ಬರುವ ಪದಗಳ ಮೇಲೆ ವಿಶೇಷ ಕಣ್ಣಿರಲಿ.

9. ಪೋಸ್ಟರ್ ಜೋಡಿಸುವುದು

ಓದುವವರಿಗೆ ಬೇಕಾದ ಕ್ರಮ ಇದು: ಯಾರು, ಯಾವಾಗ, ಎಲ್ಲಿ, ಜೊತೆಗೆ ಯಾರು. ಸಂಸ್ಥೆಯ ಹೆಸರು, ಅಧ್ಯಕ್ಷರ ಹೆಸರು, ಪ್ರಾಯೋಜಕರ ಗುರುತು ಇವೆಲ್ಲ ಕೆಳಗೆ ಒಂದು ಪಟ್ಟಿಯಲ್ಲಿ ಬರಲಿ. ಸಂಘಟಕರ ಜೊತೆ ಇದಕ್ಕೆ ಒಂದಿಷ್ಟು ವಾದ ಮಾಡಬೇಕಾಗುತ್ತದೆ, ಮಾಡಿ.

ಪಕ್ಕವಾದ್ಯದವರ ಹೆಸರನ್ನು ಇರುವೆ ಅಕ್ಷರದಲ್ಲಿ ಹಾಕಬೇಡಿ. ಪಿಟೀಲು, ಮೃದಂಗ, ಘಟ ಅಥವಾ ಖಂಜಿರ ನುಡಿಸುವವರ ಹೆಸರು ಗಾಯಕಿಯ ಹೆಸರಿನ ಅರ್ಧ ಅಳತೆಗಾದರೂ ಇರಲಿ. ಹೆಸರು ನೋಡಿಯೇ ಕಛೇರಿಗೆ ಬರುವ ರಸಿಕರಿದ್ದಾರೆ. ವಿದ್ವಾನ್, ವಿದುಷಿ, ಪಂಡಿತ್ ಇವುಗಳಲ್ಲಿ ಯಾರಿಗೆ ಯಾವುದು ಅಂತ ಕಲಾವಿದರನ್ನೇ ಕೇಳಿ ಬರೆಯಿರಿ. ದಿನಾಂಕದ ಜೊತೆ ವಾರ ಹಾಕಿ, ಕ್ಯಾಲೆಂಡರ್ ತೆಗೆದು ಎರಡೂ ತಾಳೆಯಾಗುತ್ತವಾ ನೋಡಿ.

ಬಣ್ಣಗಳನ್ನು ಫೋಟೋದಿಂದಲೇ ಆರಿಸಿಕೊಳ್ಳಿ. ಸೀರೆ ಬದನೆಕಾಯಿ ಬಣ್ಣದ್ದಾದರೆ ಹೆಸರಿಗೂ ಅದೇ ಬಣ್ಣ, ಹಿನ್ನೆಲೆಗೆ ಗೋಡೆಯ ಬಣ್ಣವನ್ನೇ ಮುಂದುವರಿಸಿ. ಹಿಂದೆ ಸ್ವರಗಳ ಗುರುತು, ಸರಸ್ವತಿಯ ನೆರಳು, ಚಿನ್ನದ ಬಣ್ಣದ ಬಳ್ಳಿ ಬೇಡ. ನಾವು ಬಿಟ್ಟಿದ್ದ ಖಾಲಿ ಜಾಗವನ್ನು ಅವು ತಿಂದುಹಾಕುತ್ತವೆ. ಮುಖ ಎಡಕ್ಕೆ ನೋಡುತ್ತಿದ್ದರೆ ಹೆಸರು ಎಡಕ್ಕೇ ಇರಲಿ. ನೋಡುವವರ ಕಣ್ಣು ಅವರ ಕಣ್ಣಿನ ಜೊತೆಗೇ ಹೋಗುತ್ತದೆ.

10. ಮುಖಪುಟ ಮತ್ತು ಪ್ರೆಸ್

ಕನ್ನಡ ಪುಸ್ತಕಗಳಲ್ಲಿ ಹೆಚ್ಚು ಬಳಕೆಯ ಅಳತೆ ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮುಖಪುಟ, ಬೆನ್ನು, ಹಿಂಬದಿ ಮೂರನ್ನೂ ಒಂದೇ ಹಾಳೆಯಾಗಿ ಮಾಡಬೇಕು. ಬೆನ್ನಿನ ದಪ್ಪ ತಿಳಿಯಲು ಪುಟಗಳನ್ನು ಎರಡರಿಂದ ಭಾಗಿಸಿ, ಹಾಳೆಯ ದಪ್ಪದಿಂದ ಗುಣಿಸಿ. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಹಾಳೆ ಸುಮಾರು 0.09ರಿಂದ 0.1 ಮಿ.ಮೀ. ಇರುತ್ತದೆ. 200 ಪುಟಕ್ಕೆ ಬೆನ್ನು 9–10 ಮಿ.ಮೀ. 10 ಅಂತ ಹಿಡಿದರೆ, ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿ ಇಡೀ ಹಾಳೆ ಸುಮಾರು 296×222 ಮಿ.ಮೀ. ಆಗುತ್ತದೆ. ಆದರೂ ಅದೇ ಕಾಗದದ ಖಾಲಿ ಡಮ್ಮಿ ಒಂದನ್ನು ಪ್ರೆಸ್‌ನವರಿಂದ ತರಿಸಿ ಅಳೆಯಿರಿ.

ಕಥಾಸಂಕಲನದ ಮುಖಪುಟಕ್ಕೆ ಲೇಖಕರ ಫೋಟೋ ಬೇಡ. ಮುಖಪುಟ ಕತೆಗಳಿಗೆ ಸೇರಿದ್ದು. ಆತ್ಮಕಥೆ, ಸಂದರ್ಶನ, ಸಮಗ್ರ ಸಂಪುಟ ಆದರೆ ಮುಖ ಮುಂದೆ ಬರಲಿ. ಹಿಂಬದಿಯಲ್ಲಿ ಬೆನ್ನುಡಿ, ಚಿತ್ರ, ಬೆಲೆ, ಐಎಸ್‌ಬಿಎನ್ ಬಾರ್‌ಕೋಡ್‌ಗೆ ಜಾಗ. ಬೆನ್ನುಡಿ ಉದ್ದವಾದರೆ ಅಕ್ಷರ ಚಿಕ್ಕದು ಮಾಡಬೇಡಿ, ಬೆನ್ನುಡಿ ಕತ್ತರಿಸಲು ಕೇಳಿ.

ಪ್ರೆಸ್‌ಗೆ ಕೊಡುವ ಫೈಲ್ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ಲೆಕ್ಕ) ಆಗಿರಬೇಕು. ಪರದೆಯ ಹೊಳೆಯುವ ನೀಲಿ, ಹಸಿರು ಕಾಗದದಲ್ಲಿ ಮಂಕಾಗುತ್ತವೆ. ಹಾಗಾಗಿ ಬದಲಾಯಿಸಿದ ಮೇಲೆ ಬಣ್ಣ ನೋಡಿ ಒಪ್ಪಿಸಿ. ಸಣ್ಣ ಕಪ್ಪು ಅಕ್ಷರ ಬರೀ ಕಪ್ಪು ಶಾಯಿಯಲ್ಲಿರಲಿ. ನಾಲ್ಕೂ ಶಾಯಿ ಸೇರಿಸಿದ ಕಪ್ಪಿನಲ್ಲಿ ಒಂದು ಪ್ಲೇಟ್ ಕೂದಲೆಳೆ ಸರಿದರೂ ಒತ್ತಕ್ಷರಗಳು ಮಸುಕಾಗುತ್ತವೆ. ಫೋಟೋ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ) ಇರಬೇಕು. ಎ3ಗೆ ಅದು 3508×4961 ಪಿಕ್ಸೆಲ್. ದೂರದಿಂದ ನೋಡುವ ಪೋಸ್ಟರ್‌ಗೆ 200 ಇದ್ದರೂ ಪರವಾಗಿಲ್ಲ. ಅಕ್ಷರಗಳನ್ನೆಲ್ಲ ಕರ್ವ್ ಮಾಡಿ (ಫಾಂಟ್ ಬೇಡದ ಚಿತ್ರದ ಆಕಾರವಾಗಿ ಬದಲಿಸಿ) ಪಿಡಿಎಫ್ ಕಳಿಸಿ. ಕರ್ವ್ ಮಾಡದ ಪ್ರತಿ ಒಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಯಾರದೋ ಹೆಸರು ತಿದ್ದಬೇಕಾಗುತ್ತದೆ. ಪ್ರೂಫ್ ಕಾಗದದಲ್ಲೇ ಕೇಳಿ. ಆ ಪ್ರೂಫನ್ನು ಡಿಸೈನ್ ಮಾಡದ ಬೇರೊಬ್ಬರು ಓದಲಿ.

11. ಒಪ್ಪಂದ, ಹೆಸರು, ಫೈಲುಗಳು

ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಯಾರಾದರೂ ಹಣ ಕೊಟ್ಟು ತಮ್ಮ ಭಾವಚಿತ್ರ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದರ ಮೊದಲ ಹಕ್ಕುದಾರರು ತೆಗೆಸಿದವರೇ. ಹಣ ಪಡೆಯದೆ ಪ್ರೀತಿಗೆ ತೆಗೆದುಕೊಟ್ಟಿದ್ದರೆ ಹಕ್ಕು ಸಾಮಾನ್ಯವಾಗಿ ಫೋಟೋ ತೆಗೆದವರದು. ಇದು ಇಬ್ಬರಿಗೂ ಗೊತ್ತಿರುವುದಿಲ್ಲ, ಆಮೇಲೆ ಮನಸ್ತಾಪವಾಗುತ್ತದೆ. ಯಾರು ಎಲ್ಲೆಲ್ಲಿ ಬಳಸಬಹುದು, ಪತ್ರಿಕೆಗೆ ಕೊಡಬಹುದಾ, ಕತ್ತರಿಸಬಹುದಾ, ಛಾಯಾಗ್ರಾಹಕರ ಹೆಸರು ಎಲ್ಲಿ ಬರಬೇಕು ಅಂತ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಪುಸ್ತಕದ ಒಳಪುಟದಲ್ಲಿ ‘ಮುಖಪುಟ ವಿನ್ಯಾಸ’ದ ಪಕ್ಕದಲ್ಲೇ ‘ಲೇಖಕರ ಚಿತ್ರ’ ಅಂತ ಇನ್ನೊಂದು ಸಾಲು ಸೇರಿಸಲು ಪ್ರಕಾಶಕರನ್ನು ಕೇಳಿ. ಕೇಳಿದರೆ ಬಹಳ ಮಂದಿ ಒಪ್ಪುತ್ತಾರೆ.

ಕೊನೆಗೆ ಕೊಡುವ ಫೋಲ್ಡರ್‌ನಲ್ಲಿ ಮುದ್ರಣಕ್ಕೆ ದೊಡ್ಡ ಅಳತೆಯ ಚಿತ್ರಗಳು, ಜಾಲತಾಣಕ್ಕೆ ಚಿಕ್ಕವು, ಒಂದು ಕಪ್ಪುಬಿಳುಪು, ಎಡ ಮತ್ತು ಬಲಕ್ಕೆ ಜಾಗ ಬಿಟ್ಟ ಒಂದೊಂದು ಚಿತ್ರ ಇರಲಿ. ಫೈಲಿನ ಹೆಸರಿನಲ್ಲೇ ಕಲಾವಿದರ ಹೆಸರು, ವರ್ಷ, ಛಾಯಾಗ್ರಾಹಕರ ಹೆಸರು ಇರಲಿ. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಡ್ರೈವ್ ಲಿಂಕ್ ಕೊಡಿ. ಮುಂದಿನ ಸಲ ಯಾವುದೋ ಊರಿನ ಸಂಘಟಕರು ‘ಮೇಡಂ, ಅರ್ಜೆಂಟಾಗಿ ಒಂದು ಫೋಟೋ ಕಳಿಸಿ’ ಅಂದಾಗ ಅವರು ಆ ಲಿಂಕನ್ನೇ ಕಳಿಸಿಬಿಡಬಹುದು.